ಬಾರಾಣೆ

ಮೂರು ಕಾಲಿಗೆ ಬಿಳಿ, ಒಂದಕ್ಕಿಲ್ಲ.
ಕಾಲಿಗೆ ನಾಕಾಣೆಯಂಗ ಲೆಕ್ಕ ಹಾಕಿ
ಲಾಯದ ಮುದುಕ ಇಟ್ಟ ಹೆಸರು, ಬಾರಾಣೆ.

ನನ್ನ ಕೆಲಸ ಕೋಲು ಎತ್ತಿಡೂದು.
ಬೆಳಗಾವಿ ಕ್ಯಾಂಪಿನ ಮೈದಾನ, ಕೆಂಪು ಮಣ್ಣು,
ಹನ್ನೊಂದು ಬೇಲಿ, ಎಲ್ಲಾ ನನ್ನ ಎದಿಮಟ.
ಗೊರಸು ತಾಗಿ ಕೋಲು ಬಿದ್ದರ
ಸವಾರಗ ನಾಕು ದಂಡ, ನನಗ ಹತ್ತು ಹೆಜ್ಜಿ.
ಎತ್ತಿ, ಕಬ್ಬಿಣದ ಬಟ್ಟಲದಾಗ ಮತ್ತ ಕೂಡಿಸಬೇಕು,
ಗಾಳಿಗೆ ಬೀಳಬಾರದು,
ಗೊರಸಿಗೆ ಬೀಳದ ಇರಬಾರದು.

ಹೋದ ವರ್ಷ ಬಾರಾಣೆ ಮೂರು ಕೆಡವಿತ್ತು.
ಹನ್ನೆರಡು ದಂಡ.
"ಹೆಸರಿಗೆ ತಕ್ಕಂಗ ಎಣಿಸಿ ಕೊಟ್ಟತು" ಅಂತ
ಚಹಾದ ಗಾಡಿ ಮುಂದ ಎಲ್ಲಾರೂ ನಕ್ಕರು.
ಸುಗಂಧಾ ಮುಚ್ಚಂಡಿ ನಗಲಿಲ್ಲ.
ಜೀನು ಇಳಿಸಿ, ಬೆವರು ಒರಸಕೋತ ಕೇಳಿದ್ಲು:
"ರಾಜೇಸಾಬಕಾಕಾ, ಯಾವ ಕಾಲು?"
ಹಿಂದಿನ ಎಡಗಾಲು. ಮೂರೂ ಸಲ.
ಬಿಳಿ ಇಲ್ಲದ್ದು.

ಇವತ್ತ ಮುಂಜಾನೆ, ಕುದುರಿ ಇನ್ನೂ ಲಾಯದಾಗ ಇದ್ದಾಗ,
ಸವಾರರು ತಮ್ಮ ಕಾಲಿಲೆ ಹಾದಿ ಅಳದರು.
ಮನಷ್ಯಾರ ನಾಕು ಹೆಜ್ಜಿ, ಕುದುರಿದು ಒಂದು ದಾಪು.
ಇಳಿಯೂದಕ್ಕ ಎರಡು ಕಳಿ, ಏಳೂದಕ್ಕ ಎರಡು ಕಳಿ,
ಉಳದದ್ದನ್ನ ನಾಕರಿಂದ ಭಾಗಿಸು.
ಐದನೇ ಬೇಲಿಯಿಂದ ಆರನೇದಕ್ಕ
ಸುಗಂಧಾಗ ಇಪ್ಪತ್ತಾರು ಬಂತು. ಮತ್ತ ಅಳದ್ಲು. ಇಪ್ಪತ್ತಾರ.
ಐದೂವರಿ ದಾಪು.
ಅರ್ಧಾ ದಾಪು ಹಾಕೂ ಕುದುರಿ ಎಲ್ಲೈತಿ?
ಐದು ಉದ್ದ ಮಾಡಬೇಕು, ಇಲ್ಲಾ ಆರು ಗಿಡ್ಡ.
ಹಾದಿ ಬರದಾಂವ
ದೂರ ಕುರ್ಚಿ ಮ್ಯಾಲೆ ಕುಂತು ಸೇಂಗಾ ಸುಲೀತಿದ್ದ.

ನಮ್ಮಪ್ಪ ವಿಜಾಪುರದಾಗ ಟಾಂಗಾ ಹೊಡೀತಿದ್ದ,
ಸ್ಟೇಷನ್ನಿಂದ ಗಾಂಧಿ ಚೌಕ, ಚೌಕದಿಂದ ಸ್ಟೇಷನ್.
ಅವನ ಕುದುರಿ ಜಿಗದದ್ದು ಒಮ್ಮೆ, ಒಂದು ಗಟಾರ.
ಟಾಂಗಾ ಜಿಗೀಲಿಲ್ಲ.
ಮುರದ ಗಾಲಿ ಆರಿಸಕೋತ ಅಪ್ಪ ಅಂದಿದ್ದ:
"ಕಣ್ಣಪಟ್ಟಿ ಜಾರಿತ್ತು ನೋಡು.
ಕಣ್ಣು ಕಂಡರ ಕುದುರಿ ವಿಚಾರ ಮಾಡತೈತಿ."

ಗಂಟಿ ಆತು.
ಬಲಕ್ಕ ಕೆಂಪು ನಿಶಾನಿ, ಎಡಕ್ಕ ಬಿಳಿ,
ನಡುವ ಬಾರಾಣೆ, ಕಿವಿ ಮುಂದ.
ಏಳೂವಾಗ ಸುಗಂಧಾನ ಕೈ
ಕೊರಳಗುಂಟ ಮುಂದ ಹೋದುವು, ಲಗಾಮು ಸಡಿಲ,
ಹಿಮ್ಮಡಿ ಕೆಳಗ, ಕಣ್ಣು ಆಗಲೇ ಮುಂದಿನ ಬೇಲಿಗೆ.
ಒಂದು, ಎರಡು, ಮೂರು, ನಾಕು, ಸ್ವಚ್ಛ.
ಐದು ದಾಟಿ ಇಳದ್ಲು. ನಾನೂ ಎಣಿಸಿದೆ.
ಆರು ಗಿಡ್ಡ.
ಆರನೇ ಬೇಲಿ ಮ್ಯಾಲೆ ಅದೇ ಕಾಲು
ಟಕ್ ಅಂತು.

ಕೋಲು ಬಟ್ಟಲದಾಗ ಹೊರಳಿತು,
ಅಂಚಿಗೆ ಬಂತು, ಒಳಗ ಹೋತು, ಮತ್ತ ಅಂಚಿಗೆ.
ಮೂರು ಮಾರು ದೂರ ನಿಂತು
ನನ್ನ ಕೈ ನಾನ ಹಿಡಕೊಂಡಿದ್ದೆ.
ಬೀಳಲಿಲ್ಲ.

ಹನ್ನೊಂದೂ ಆದುವು, ಒಂದೂ ಬೀಳಲಿಲ್ಲ.
ಗಡಿಯಾರದಾಂವ ಅಂದ: ಒಂದು ಸೆಕೆಂಡ್ ತಡ, ಒಂದು ದಂಡ.
ದಂಡ ಇಲ್ಲದ ಮೂರು ಮಂದಿಗೆ ಇನ್ನೊಂದು ಓಟ.
ಅವರೊಳಗ ಇಕಿ ಇಲ್ಲ.
ಆ ಆರನೇ ದಾಪು ತಿಂದಿತ್ತು ಆ ಸೆಕೆಂಡು,
ಇಲ್ಲಾ ಒಂಬತ್ತನೇದರ ತಿರುವು. ಯಾರಿಗೆ ಗೊತ್ತು.
ಚಹಾದ ಗಾಡಿ ಮುಂದ ಬಾರಾಣೆ
ಒಂದಾಣೆ ಆಗಿತ್ತು.

ಜೀನು ಇಳಿಸಿ ಬಂದು ಸುಗಂಧಾ ಕೇಳಿದ್ಲು:
"ಕಾಕಾ, ಆರನೇ ಕೋಲು
ನೀ ಏನರ ಗಟ್ಟಿ ಇಟ್ಟಿದ್ದೇನು?"

ಬೇಲಿ ಎತ್ತರಿಸಾಕ ಕರೀಲಿಕತ್ತಿದ್ದರು.
ಬಟ್ಟಲು ಕಳಚಿ, ಒಂದು ತೂತು ಮ್ಯಾಲೆ ಸಿಗಿಸಿ,
ಕೋಲು ಇಟ್ಟು, ಒಂದು ಬೆರಳಿಲೆ ಒತ್ತಿದೆ.
ಬಿತ್ತು.
ಎತ್ತಿಟ್ಟೆ.
ಹಗ್ಗದಾಚೆ ಬಾರಾಣೆ, ಕಣ್ಣಪಟ್ಟಿ ಇಲ್ಲದ್ದು,
ಕೋಲನ್ನ ನೋಡಿತು, ನನ್ನ ನೋಡಿತು.