ಮುಳ್ಳು

ಬೊಜೆನಾ ಮೇಡಂ ಮುಂದಿನ ತಿಂಗಳು ಬ್ರ್ನೋಗೆ ವಾಪಸು.
ಹನ್ನೊಂದು ವರ್ಷ ಇಲ್ಲಿಯ ಮಕ್ಕಳಿಗೆ ಈಜು ಕಲಿಸಿ
ಕೂಡಿಟ್ಟದ್ದರಲ್ಲಿ ಒಂದಿಷ್ಟನ್ನು ಬೇರೆಯೇ ಕಟ್ಟಿಟ್ಟಿದ್ದಾಳೆ
ಊರಿನ ಶೂಟಿಂಗ್ ಕ್ಲಬ್ಬಿಗೆ, ಮೊದಲ ಪಿಸ್ತೂಲಿಗೆ.
"ಹಮನ್," ಅಂದಳು. ಹಮ್ಮಣ್ಣ ಎಂಬ ಹೆಸರು
ಅವಳ ನಾಲಿಗೆಗೆ ಹತ್ತಿದ್ದೇ ಇಲ್ಲ.
"ಶುಕ್ರವಾರ ಒಂದು ತಾಸು ನಿನ್ನ ಕಿವಿ ಬೇಕು."

ರೋಲಾದ ಹಿಂದಿನ ಓಣಿ. ಜ್ಯೂಸಿನವನಿಗೂ ಟೈಲರನಿಗೂ ನಡುವೆ
ಮಂಚದಗಲದ ಅಂಗಡಿ ನನ್ನದು.
ಇಪ್ಪತ್ತಾರು ವರ್ಷದಿಂದ ನಿಂತ ಗಡಿಯಾರಗಳನ್ನು
ಕಿವಿಗೆ ಹಿಡಿದು ರೋಗ ಹೇಳುತ್ತೇನೆ.
ಪಿಸ್ತೂಲು ಕಂಡದ್ದು ಬ್ಯಾಂಕಿನ ಬಾಗಿಲಲ್ಲಿ,
ಅದೂ ಬೇರೆಯವರ ಸೊಂಟದಲ್ಲಿ.

ದೈದ್ ರಸ್ತೆ. ಮರಳಿನ ನಡುವೆ ಎ.ಸಿ. ಹಾಕಿದ ಉದ್ದನೆ ಗೋದಾಮು.
ಐಡಿ ಕೊಟ್ಟು, ಮೂರು ಕಡೆ ಸಹಿ ಹಾಕಿದ ಮೇಲೆ
ಕಣ್ಣಿಗೆ ಗಾಜು, ಕಿವಿಗೆ ಮುಚ್ಚಳ.
ಕಿವಿ ಬೇಕೆಂದು ಕರೆದು ಕಿವಿಯನ್ನೇ ಮುಚ್ಚಿದರಲ್ಲ!

ಹಸಿರು ಬಟ್ಟೆಯ ಮೇಲೆ ಮೂರು, ಬಾಡಿಗೆಯವು:
ಹೊಚ್ಚಹೊಸ ಒಂಬತ್ತು ಎಂ.ಎಂ., ಪ್ಲಾಸ್ಟಿಕ್ ಮೈ;
ಅವಳ ದೇಶದ್ದೇ ಉಕ್ಕಿನ ಇನ್ನೊಂದು, ಭಾರ, ಚೆಲುವೆ;
ಕೊನೆಗೊಂದು ಪಾಯಿಂಟ್ ಇಪ್ಪತ್ತೆರಡು,
ಯಾರದೋ ಹೆಬ್ಬೆರಳಿಗೆ ಸವೆದ ಹಿಡಿ.
ಉಕ್ಕಿನದರ ಮೇಲೆ ಅವಳ ಕಣ್ಣು
ಸೀರೆ ಅಂಗಡಿಯಲ್ಲಿ ಮೊದಲು ಬಿಚ್ಚಿದ ಸೀರೆಯ ಮೇಲೆ ಕೂರುವ ಹಾಗೆ.

ನಾನು ಗುಂಡಿನ ಬೆಲೆ ಕೇಳಿದೆ.
ಎಮ್ಮೆ ಕೊಳ್ಳಲು ಹೋದಾಗ ಅಪ್ಪ
ಎಮ್ಮೆಯ ಬೆಲೆ ಆಮೇಲೆ ಕೇಳುತ್ತಿದ್ದ,
ಮೊದಲು ಆ ಊರಲ್ಲಿ ಹುಲ್ಲಿನ ಹೊರೆ ಎಷ್ಟೆಂದು.
ಒಂಬತ್ತರದು ಒಂದು ಕೊಳ್ಳುವ ದುಡ್ಡಿಗೆ
ಇಪ್ಪತ್ತೆರಡರವು ಹತ್ತಿರ ಹತ್ತಿರ ಮೂರು.
"ವಾರಕ್ಕೆ ನೂರು ಮೇಯುತ್ತದೆ ಮೇಡಂ, ಲೆಕ್ಕ ಹಾಕಿ."
ಅವಳು ಹಾಕಲಿಲ್ಲ. ನಕ್ಕಳು.

ರೇಂಜಿನ ಘಲೆ, ಪೋಖರಾದವನು,
ಒಂದೊಂದನ್ನೂ ತೆರೆದು ಖಾಲಿ ಹೊಟ್ಟೆ ತೋರಿಸಿದ.
ಇಪ್ಪತ್ತೆರಡಕ್ಕೆ ಮಾತ್ರ ಪ್ಲಾಸ್ಟಿಕ್ಕಿನ ಸುಳ್ಳುಗುಂಡು ತುಂಬಿದ:
ಬರಿದೇ ಹೊಡೆದರೆ ಸೂಜಿ ಕೆಡುತ್ತದಂತೆ.
ಯಾರೂ ಹೊಡೆಯುತ್ತಿರಲಿಲ್ಲ. ಮುಚ್ಚಳ ಸರಿಸಿ ಕೇಳಿದೆ.
ಹೊಸದು ಮರಳು ತಿಂದ ಹಾಗೆ ಕರಕರ;
ಉಕ್ಕಿನದು ಉದ್ದಕ್ಕೆ ಎಳೆದು, ಎಳೆದು, ಆಮೇಲೆ ಮನಸ್ಸು ಮಾಡಿತು;
ಸವೆದದ್ದು
ಟಕ್.
ಚೆನ್ನಾಗಿ ಬಾಳಿದ ಗಡಿಯಾರದ ಹಾಗೆ, ಅಷ್ಟೇ ಮಾತು.
"ಇದು," ಅಂದೆ.

"ಹಾಗಾದರೆ ಹೊಡೆದು ತೋರಿಸು."

ಹತ್ತು ಗುಂಡು, ಅವಳ ಖರ್ಚು.
ತೋಳು ಚಾಚಿದೆ. ಕೊಳವೆಯ ತುದಿಯಲ್ಲಿ
ಕರಿ ಮುಳ್ಳೊಂದು ನಿಂತಿದೆ, ಅಲ್ಲ,
ನಿಂತಿಲ್ಲ. ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ
ದೀಪಕ್ಕೆ ಬಂದ ಹುಳದ ಹಾಗೆ.
ರಂಜಾನಿನಿಂದ ಮುಚ್ಚಿಟ್ಟದ್ದು ಇದನ್ನೇ.
ಕೂದಲೆಳೆಯ ಸ್ಪ್ರಿಂಗಿನ ಕೆಲಸವೆಲ್ಲ
ಕವರಿಗೆ ಹಾಕಿ ದೇರಾದ ಹುಡುಗನಿಗೆ ಕಳಿಸಿ
ಗಿರಾಕಿಗಳಿಗೆ ಹೇಳಿದ್ದು: ಪಾರ್ಟ್ಸ್ ಬಂದಿಲ್ಲ.
ಹೆಂಡತಿಗೆ ಫೋನಿನಲ್ಲಿ ಹೇಳಿದ್ದು: ಎಲ್ಲ ಆರಾಮ.
ಈಗ ಈ ಹಾಳು ಮುಳ್ಳು ಬಿಳಿ ಕಾಗದದ ಎದುರು
ನಿಂತು ಸಾಕ್ಷಿ ಹೇಳುತ್ತಿದೆ.

ಕಾದೆ. ನಿಲ್ಲಲಿ ಎಂದು ಕಾದೆ. ತೋಳು ಸೋತಿತು.

ಘಲೆ ಕಿವಿಯ ಹತ್ತಿರ ಬಂದು ಕೂಗಿದ,
ಮುಚ್ಚಳ ದಾಟಿ ಬಂದದ್ದು ಪಿಸುಮಾತಿನಷ್ಟೆ:
"ನಡುಗದ ಕೈ ಇಲ್ಲ ಭಾಯಿ. ಯಾರದ್ದೂ ಇಲ್ಲ.
ನಿಂತ ಮೇಲೆ ಅಂತ ಕಾಯಬೇಡ.
ನಡುಗಲಿ ಬಿಡು. ನಡುಗುವಾಗಲೇ ಮೆಲ್ಲಗೆ ಒತ್ತು,
ಯಾವಾಗ ಹೋಯಿತೆಂದು ನಿನಗೇ ಗೊತ್ತಾಗಬಾರದು."

ಹೋಯಿತು.

ಒಂಬತ್ತು ತೂತು ಅಂಗೈಯಗಲದಲ್ಲಿ,
ಒಂದು ಪಕ್ಕದ ಲೇನಿನ ಪಠಾಣನ ಕಾಗದದಲ್ಲಿ.
ಅವನು ತಿರುಗಿ ಎದೆಗೆ ಕೈಯಿಟ್ಟು ವಂದಿಸಿದ.

ಬೊಜೆನಾ ಕೊಂಡದ್ದು ಉಕ್ಕಿನದನ್ನೇ.
ಊರಿನಿಂದ ಫೋಟೋ ಕಳಿಸಿದ್ದಾಳೆ: ಲೈಸೆನ್ಸು, ಹಿಂದೆ ಹಿಮ,
ಸೆಕೆಂಡ್ ಹ್ಯಾಂಡಂತೆ, ಬೆಲೆ ಇಳಿಸಿಕೊಟ್ಟರಂತೆ.
ಕೆಳಗೆ ಒಂದು ಸಾಲು: ಹಮನ್, ಹುಲ್ಲು ತುಂಬಾ ತುಟ್ಟಿ.

ಇಂದು ಶನಿವಾರ. ದೇರಾಕ್ಕೆ ಹೋಗಬೇಕಾದ ಕವರಿನಿಂದ
ಹೆಂಗಸರ ಗಡಿಯಾರವೊಂದನ್ನು ಹೊರಗೆ ತೆಗೆದಿದ್ದೇನೆ.
ಬೆನ್ನು ಬಿಚ್ಚಿದೆ. ಕಣ್ಣಿಗೆ ಲೂಪು.
ಚಿಮಟದ ತುದಿಯಲ್ಲಿ ಸ್ಪ್ರಿಂಗು
ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ.
ಓಣಿಯಲ್ಲಿ ಜ್ಯೂಸಿನ ಮಿಕ್ಸರು ಅರಚುತ್ತಿದೆ.
ಉಸಿರು ಅರ್ಧ ಬಿಟ್ಟಿದ್ದೇನೆ.
ಕಾಯುತ್ತಿಲ್ಲ.