ನೀಲಿ ಬೊಟ್ಟು

ನಟ್ಟು ಬೆರಳಿಗೇ ತಿರುಗಿತು.
ಪಾನಾ ಇನ್ನೂ ಜೇಬಿನಲ್ಲೇ ಇತ್ತು.

ಸೋಗಾನೆಯ ತಗಡಿನ ಶೆಡ್ಡು, ಬೆಳಗಿನ ಆರೂಕಾಲು.
ಎಂಜಿನ್ನಿನ ಮುಚ್ಚಳ ಎತ್ತಿ ಒಳಗೆ ಇಣುಕುತ್ತಿದ್ದೆ,
ಅನುಮಾನದಿಂದಲ್ಲ, ಸುಮ್ಮನೆ,
ರಜೆ ಮುಗಿಸಿ ಬಂದ ಮಗುವಿನ
ಕಿವಿಯ ಹಿಂದೆ ನೋಡುವ ಹಾಗೆ.

ನಟ್ಟಿನ ಮೇಲೆ ನೀಲಿ ಬೊಟ್ಟು.
ಬಿಗಿದಾಯಿತು, ಅಳತೆ ನೋಡಿಯಾಯಿತು,
ಇನ್ನು ಯಾರೂ ಮುಟ್ಟಬೇಕಿಲ್ಲ
ಎಂದು ಹೇಳುವ ಬಣ್ಣದ ಬೊಟ್ಟು.
ಮದುಮಗಳ ಕೆನ್ನೆಗಿಟ್ಟಷ್ಟು ಅಂದವಾಗಿ ಇಟ್ಟಿದ್ದ ಜಯಶೀಲ.
ಬಿಗಿಯುವುದನ್ನು ಮಾತ್ರ ಮರೆತಿದ್ದ.
ನಾನು ತಿರುಗಿಸಿದ್ದಕ್ಕೆ
ಬೊಟ್ಟು ಬಿರಿದು ಎರಡು ಹೋಳಾಯಿತು.

ಆಮೇಲೆ ಕಣ್ಣಿಗೆ ಬರೀ ಅದೇ.
ಬೋಲ್ಟಿಗೆ ಸುತ್ತಿದ ಕಾವಲು ತಂತಿ
ಬಿಗಿಯುವ ಕಡೆಗೆ ಎಳೆಯಬೇಕು;
ಇದು ಬಿಚ್ಚುವ ಕಡೆಗೆ ಎಳೆಯುತ್ತಿತ್ತು,
ಬಲು ನಿಷ್ಠೆಯಿಂದ, ಹಗಲೂ ರಾತ್ರಿ.
ಚುಕ್ಕಾಣಿಯ ಕೀಲಿನಲ್ಲಿ ಹಳೇ ಪಿನ್ನು,
ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದ್ದು.
ಬಿಲ್ಲಿನಲ್ಲಿ ಹೊಸ ಪಿನ್ನು ಹದಿನಾಲ್ಕು, ತೆರಿಗೆ ಬೇರೆ.
ಬಾಲದ ಹೊಟ್ಟೆಯೊಳಗೆ, ಹಗ್ಗಗಳ ಪಕ್ಕ, ಅವನ ಟಾರ್ಚು.
ಒತ್ತಿದೆ. ಹತ್ತಿತು.
ಇಡೀ ರಿಪೇರಿಯಲ್ಲಿ ನೆಟ್ಟಗಿದ್ದದ್ದು ಅದೊಂದೇ.

ಹೋದ ಭಾನುವಾರವಷ್ಟೇ
ಕೂಡಲಿಯ ಮೇಲೆ ಎರಡು ಸುತ್ತು ಹಾಕಿದ್ದೆವು,
ನಾನು, ಅರ್ಧ ವಿಮಾನದ ಒಡತಿ ಮೆಹರುನ್ನಿಸಾ.
ಎರಡು ಹೊಳೆ ಸೇರುವಲ್ಲಿ ನೀರಿಗೆ ಗೆರೆ ಇರುತ್ತದಾ
ಎಂದು ಅವಳು ಕಿಟಕಿಗೆ ಹಣೆ ಒತ್ತಿ ಹುಡುಕುತ್ತಿದ್ದಳು.
ನಾನೂ ವಾಲಿಸಿ ವಾಲಿಸಿ ತೋರಿಸುತ್ತಿದ್ದೆ.
ತಂತಿ ತನ್ನ ಕೆಲಸದಲ್ಲಿತ್ತು.

ಫೋನು ಮಾಡಿದೆ.
ಎಲ್ಲ ಕೇಳಿಸಿಕೊಂಡು,
"ಹಾರಿತಲ್ಲ ಮೇಡಂ?" ಅಂದ.

ಬೈಯಲು ಬಾಯಿ ತೆರೆದೆ.
ಮಾಚೇನಹಳ್ಳಿಯ ಫೌಂಡ್ರಿಯಲ್ಲಿ
ಇಪ್ಪತ್ತೆಂಟು ವರ್ಷ ಪಳಗಿದ ಬಾಯಿ,
ಕರಗಿದ ಕಬ್ಬಿಣಕ್ಕೂ ಕೇಳಿಸುವಂಥದ್ದು.
ಮಾತು ಬರಲಿಲ್ಲ.
ಬಂದದ್ದು ಒಂದು ಪಂಪಿನ ನೆನಪು.

ಅಪ್ಪ ಮಲಗಿದ್ದ ವರ್ಷ. ಮೊದಲ ದೊಡ್ಡ ಆರ್ಡರು.
ಎರಕ ತಣಿದಾಗ ಒಂದರ ಕುತ್ತಿಗೆಯಲ್ಲಿ ಗಾಳಿಗುಳ್ಳೆ,
ಕಿರುಬೆರಳು ತೂರುವಷ್ಟು.
ಒಡೆದು ಮತ್ತೆ ಕರಗಿಸಬೇಕಿತ್ತು.
ಪುಟ್ಟಿ ಮೆತ್ತಿದೆ, ಉಜ್ಜಿದೆ, ಬಣ್ಣ ಹೊಡೆದೆ,
ಹೊಳೆಹೊನ್ನೂರಿನ ಲಾರಿ ಹತ್ತಿಸಿದೆ.
ದೂರು ಬರಲಿಲ್ಲ.
ನೀರು ಎತ್ತಿತಲ್ಲ ಎಂದುಕೊಂಡೆ.

ಹೌದು, ಅದು ನೆಲದ ಯಂತ್ರ,
ಕೆಟ್ಟರೆ ನಿಲ್ಲುತ್ತದೆ.
ಇದು ನಿಂತರೆ ಬೀಳುತ್ತದೆ.
ವ್ಯತ್ಯಾಸ ನನಗೂ ಗೊತ್ತು.
ಆದರೆ ಮೆತ್ತುವಾಗ ಆ ವ್ಯತ್ಯಾಸ
ಲೆಕ್ಕ ಹಾಕಿ ಮೆತ್ತಿದ್ದೆನೇ?

ಸಂಜೆ ಮೆಹರುನ್ನಿಸಾ ಕ್ಲಿನಿಕ್ಕು ಮುಚ್ಚಿ ಬಂದಳು.
ಬಿರಿದ ಬೊಟ್ಟನ್ನು ಹಲ್ಲು ನೋಡುವ ಕನ್ನಡಿಯಲ್ಲೇ ನೋಡಿದಳು.
"ನಾನು ಕೆಟ್ಟದಾಗಿ ತುಂಬಿದರೆ ರಾತ್ರಿಯೇ ಫೋನು ಬರುತ್ತೆ,
ನೋವು ಅಂತ ಒಂದಿದೆಯಲ್ಲ.
ಇದಕ್ಕೆ ನರ ಇಲ್ಲ ಮಾರಾಯ್ತಿ," ಅಂದಳು.
ನನ್ನ ಬೆರಳು ಇನ್ನೂ ನಟ್ಟಿನ ಮೇಲೇ ಇತ್ತು.

ಜಯಶೀಲ ಮೂರನೇ ದಿನ ಬಂದ,
ಕೈಯಲ್ಲಿ ದುಡ್ಡಿನ ಕವರು, ಹೆಗಲಿಗೆ ಪೆಟ್ಟಿಗೆ.
ಕವರು ತಗೊಂಡೆ. ಯಾಕೆ ಬಿಡಲಿ?
"ಈಗ ಬಿಚ್ಚು."
"ಯಾವುದು ಮೇಡಂ?"
"ನೀನು ಮುಟ್ಟಿದ್ದೆಲ್ಲ. ಬಿಚ್ಚು ಅಷ್ಟೆ.
ಬಿಗಿಯಲು ಹುಬ್ಬಳ್ಳಿಯಿಂದ ಬೇರೆಯವರು ಬರುತ್ತಾರೆ,
ಸಹಿಯೂ ಅವರದೇ."

ಬಿಚ್ಚಿದ. ಅವನ ಟಾರ್ಚನ್ನು ನಾನೇ ಹಿಡಿದೆ.
ಹನ್ನೊಂದನೆಯ ನಟ್ಟಿಗೆ ಪಾನಾ ಹಾಕಿದವನು
ತೆಗೆದಿಟ್ಟು, ಬೆರಳಲ್ಲಿ ತಿರುಗಿಸಿ ನೋಡಿದ.
ತಿರುಗಿತು.
ಆಮೇಲೆ ಅವನು ನನ್ನ ಮುಖ ನೋಡಲಿಲ್ಲ,
ನಾನೂ ಬೆಳಕನ್ನು ಅವನ ಮುಖದ ಕಡೆ ಹೊರಳಿಸಲಿಲ್ಲ.

ಲಾಗ್‌ಬುಕ್ಕಿನಲ್ಲಿ ಬರೆದೆ:
ನಟ್ಟು ಸಡಿಲ. ತಂತಿ ತಿರುಗುಮುರುಗು. ಪಿನ್ನು ಹಳೆಯದು. ಹಾರಾಟ ಇಲ್ಲ.
ಕೆಳಗೆ ಜಾಗ ಉಳಿದಿತ್ತು.

ಆ ಪಂಪು ಈಗ ಎಲ್ಲಿದೆಯೋ,
ಗುಜರಿಗೆ ಹೋಯಿತೋ, ಯಾವ ಕಾಲುವೆಯ ದಡದಲ್ಲೋ
ಇನ್ನೂ ನೀರೆತ್ತುತ್ತಿದೆಯೋ.
ನಂಬರು ನೆನಪಿಲ್ಲ. ಗುರುತು ಕೇಳಿದರೆ
ಇಷ್ಟು ಹೇಳಬಲ್ಲೆ: ಕುತ್ತಿಗೆಯ ಹತ್ತಿರ
ಬಣ್ಣ ಸ್ವಲ್ಪ ದಪ್ಪ.
ನೀಲಿ.