ಬಾಲದ ಬುತ್ತಿ

ಜುಲೈ ತಿಂಗಳು, ಶಾರ್ಜಾ. ಬಿಸಿ ಕೊಳ್ಳಲು ಹೋದೆ.
ಅಂಗಡಿಯವನು ಒಮ್ಮೆ ನನ್ನನ್ನು ನೋಡಿದ,
ಒಮ್ಮೆ ಗಾಜಿನಾಚೆಯ ಬಿಸಿಲನ್ನು.
ಮೂವತ್ತೈದು ದಿರ್ಹಮ್‌ಗೆ ಅಂಗೈಯಗಲದ ಹೀಟ್ ಮ್ಯಾಟು,
ಹನ್ನೊಂದು ವರ್ಷ ಎ.ಸಿ. ರಿಪೇರಿ ಮಾಡಿ
ಕಂಡವರ ಮನೆ ತಣ್ಣಗಿಟ್ಟವನ ಕೈಯಲ್ಲಿ.

ಮರಿಯನ್ನು ಕೊಟ್ಟವಳು ಅಲ್ ನಹ್ದಾದ ಏಳನೇ ಮಾಳಿಗೆಯ ಹುಡುಗಿ.
ಅಪ್ಪನ ಕೆಲಸ ಹೋಗಿತ್ತು, ವೀಸಾ ರದ್ದು,
ಸೋಫಾ ಮಾರಿ ಆಗಿತ್ತು. ನಾನು ಹೋದದ್ದು ಎ.ಸಿ. ಬಿಚ್ಚಲಿಕ್ಕೆ.
ಗಾಜಿನ ಪೆಟ್ಟಿಗೆ ತಂದು ನನ್ನ ಏಣಿಯ ಬುಡದಲ್ಲಿಟ್ಟಳು.
ಜೊತೆಗೊಂದು ಹರಿದ ಹಾಳೆ, ಹಸಿರು ಶಾಯಿ:
ಒಂದು ವಾರ ಮುಟ್ಟಬೇಡಿ.
ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ.
ಅದರ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ
ಹುಳ ದೊಡ್ಡದಿರಬಾರದು.
ತಿನ್ನದಿದ್ದರೆ ಹೆದರಬೇಡಿ. ಜಾಗ ಹೊಸತು.
ಕೊನೆಯ ಸಾಲನ್ನು ಗೀಚಿ ಅಳಿಸಿದ್ದಳು.
ಬೆಳಕಿಗೆ ಹಿಡಿದೆ. ಹೆಸರಿರಬೇಕು. ಓದಲಾಗಲಿಲ್ಲ.

ರೋಲಾದ ನಮ್ಮ ಕೋಣೆಯಲ್ಲಿ ಆರು ಮಂಚ, ಒಂದರ ಮೇಲೊಂದು.
ನನ್ನದರ ಅಡಿಯಲ್ಲಿ, ಅಕ್ಕಿಚೀಲದ ಪಕ್ಕ, ಪೆಟ್ಟಿಗೆ.
"ಬಾಡಿಗೆ ಇನ್ನು ಏಳು ಪಾಲು," ಎಂದ ಇಲ್ಯಾಸ್.
ಸಿಪ್ರಿಯನ್ ನಗಲಿಲ್ಲ.
"ಅಡುಗೆ ಮಾಡುವವ ನಾನು. ಹಲ್ಲಿ ಬಿದ್ದ ಸಾರು ಉಂಡು
ಸತ್ತವರ ಕತೆ ನಮ್ಮೂರಲ್ಲಿ ನಾಲ್ಕುಂಟು."

ಇದಕ್ಕೆ ಗೋಡೆ ಹತ್ತಲಿಕ್ಕೇ ಬರುವುದಿಲ್ಲ ಮಾರಾಯ, ಎಂದೆ.
ಸಾರಿಗೂ ಬೀಳದು, ತಲೆಗೂ ಬೀಳದು,
ಪಂಚಾಂಗದ ಹಲ್ಲಿಪುಟಕ್ಕೆ ಇದರ ಲೆಕ್ಕವಿಲ್ಲ.
ಮಾತಿನ ನಡುವೆ ಲೊಚ್ಚೆಂದು ಸಾಕ್ಷಿ ಹೇಳುವುದೂ ಇಲ್ಲ.
ಕಣ್ಣಿಗೆ ರೆಪ್ಪೆ ಉಂಟು ನೋಡು, ನಮ್ಮ ಹಾಗೆ.
ಅವನು ನೋಡಲಿಲ್ಲ.

ಮೊದಲ ದಿನ ತಿನ್ನಲಿಲ್ಲ.
ಎರಡನೇ ದಿನ ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದು ಕವುಚಿಟ್ಟೆ,
ಒಳಗೆ ಒದ್ದೆ ಟಿಶ್ಯೂ. ಒಳಗೆ ಹೋಯಿತು. ತಿನ್ನಲಿಲ್ಲ.
ಮೂರನೇ ದಿನ ಚಿಮುಟದ ತುದಿಗೆ ಹುಳ ಹಿಡಿದು, ಮೊಣಕಾಲೂರಿ,
ಬಾ ಬಾ ಎಂದೆ ಕನ್ನಡದಲ್ಲಿ, ತುಳುವಿನಲ್ಲಿ,
ಹುಟ್ಟಿದ್ದೆಲ್ಲೋ ಯಾರಿಗೆ ಗೊತ್ತೆಂದು
ನನ್ನ ಮುರುಕು ಅರಬಿಯಲ್ಲೂ.

ನಾಲ್ಕನೇ ರಾತ್ರಿ ಡಬ್ಬಿ ಮಗುಚಿ ಜೀರುಂಡೆ ಮೂರು ತಪ್ಪಿಸಿಕೊಂಡವು.
ಒಂದು ಫ್ರಿಜ್ಜಿನ ಹಿಂದೆ ಕುಳಿತು ಶುರುಮಾಡಿತು.
ಬೈಗುಳಕ್ಕೆ ಕಾದೆ.
ಕತ್ತಲಲ್ಲಿ ಯಾರೂ ಮಗ್ಗುಲು ಸಹ ಬದಲಿಸಲಿಲ್ಲ.
ಬಹಳ ಹೊತ್ತಿನ ಮೇಲೆ ಮೇಲಿನ ಮಂಚದಿಂದ ಇಲ್ಯಾಸ್:
"ಎ.ಸಿ. ಸ್ವಲ್ಪ ಆಫ್ ಮಾಡು.
ಸರಿ ಕೇಳುವುದಿಲ್ಲ."

ಸಿಪ್ರಿಯನ್ ಬೇಕರಿಗೆ ಹೊರಡುವುದು ಬೆಳಗಿನ ಜಾವ ಮೂರಕ್ಕೆ.
ಆರನೇ ದಿನ ಎದ್ದಾಗ ಪೆಟ್ಟಿಗೆಯ ಮೇಲೊಂದು ಚೀಟಿ,
ಅಂಚಿಗೆ ಬಿಳಿ ಬೆರಳಚ್ಚು.
ಮೂಸಿದೆ. ಹಿಟ್ಟಲ್ಲ, ಕ್ಯಾಲ್ಸಿಯಂ.
"ಎರಡು ತಿಂದಿತು. ನೀನು ಬಾಯಿ ಬಿಟ್ಟು ನೋಡುತ್ತಾ ಕೂತರೆ
ಯಾರಿಗೆ ಊಟ ಸೇರುತ್ತದೆ? ಲೈಟು ಹಾಕಬೇಡ.
ನಾನೂ ಬೆನ್ನು ಹಾಕಿ ಕೂತಿದ್ದೆ.
ಶಬ್ದ ಮಾತ್ರ ಕೇಳಿದ್ದು."

ಈಗ ಬಾಲ ತುಂಬುತ್ತಿದೆ, ಎಳೆ ಬೆಂಡೆಯಷ್ಟಿದ್ದದ್ದು
ಕಿರುಬೆರಳಿನಷ್ಟಾಗಿದೆ.
ಇಲ್ಲದ ದಿನಕ್ಕೆಂದು ಅಲ್ಲೇ ಕೂಡಿಡುತ್ತದಂತೆ.
ಕಟ್ಟಿಟ್ಟ ಬುತ್ತಿ ಎಂದರೆ ನಾವು ಬರಲಿರುವ ಕೇಡಿಗೆ ಅನ್ನುತ್ತೇವೆ.
ಇದು ನಿಜದ ಬುತ್ತಿ, ಹಳದಿ, ಚುಕ್ಕಿಚುಕ್ಕಿ,
ಎಲ್ಲಿ ಹೋದರೂ ಹಿಂದೆಯೇ ಬರುವಂಥದು.
ಹುಡುಗಿಯ ಅಪ್ಪನ ನಂಬರಿಗೆ ಫೋಟೊ ಕಳಿಸಿದೆ.
ಬೂದು ಗೆರೆ ಒಂದೇ ಬಿತ್ತು.

ಹೊರಗೆ ನಲವತ್ತೇಳು, ಕೋಣೆಯಲ್ಲಿ ಇಪ್ಪತ್ತಮೂರು,
ಮಂಚದಡಿ ಅಂಗೈಯಗಲ ಮಾತ್ರ ಮೂವತ್ತೆರಡು.
ಜೀರುಂಡೆಗಳಲ್ಲಿ ಎರಡು ಸಿಕ್ಕವು.
ಮೂರನೆಯದು ಫ್ರಿಜ್ಜಿನ ಹಿಂದೆ ಇನ್ನೂ ಉಂಟು.
ಹಿಡಿಯಬೇಕು ಎಂದು ದಿನಾ ಯಾರಾದರೊಬ್ಬರು ಹೇಳುತ್ತಾರೆ,
ಮಲಗಿಕೊಂಡೇ.